ಅಪ್ಪ ತಂದ ಗರಿಯ ಬೂದಿ

ಇವತ್ತು ಹಳಿಯಾಳದ ನಮ್ಮ ಚರ್ಚಿನ ಅಂಗಳದಲ್ಲಿ, ತಪಸ್ಸು ಕಾಲದ ಮೊದಲ ದಿನ ಹಣೆಗೆ ಹಚ್ಚುವ ಬೂದಿಗಾಗಿ ಹೋದ ವರ್ಷದ ಒಣಗರಿಗಳನ್ನು ಸುಡುತ್ತಿದ್ದರು. ಆ ಹೊಗೆ ಮೂಗಿಗೆ ಬಂದದ್ದೇ, ನಾನು ಬಚ್ಚಲ ಒಲೆಯ ಮುಂದೆ ಕುಳಿತ ಸಣ್ಣ ಹುಡುಗಿಯಾದೆ.

ಗರಿಗಳ ರವಿವಾರ ಅಪ್ಪ ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ತಂದ ತೆಂಗಿನ ಗರಿ ನಮ್ಮ ಬಾಗಿಲ ಮೇಲಿತ್ತು. ಆ ಮಳೆಗಾಲದಲ್ಲೇ ಅಪ್ಪ ತೀರಿಕೊಂಡ. ಮರುವರ್ಷ ಎಲ್ಲರೂ ಹಳೆಯ ಗರಿಗಳನ್ನು ಬೂದಿಗೆಂದು ಕೊಟ್ಟರೂ ಅವ್ವ ಕೊಡಲಿಲ್ಲ. ದಿನಾ ಕಸ ಹೊಡೆಯುವಾಗ ಅದನ್ನು ಮುಟ್ಟಿ ಅಳುತ್ತಿದ್ದಳು. ಅದು ಇಲ್ಲದಿದ್ದರೆ ಅವಳ ಅಳು ನಿಲ್ಲಬಹುದೆಂದು, ಅವಳು ನೀರಿಗೆ ಹೋದಾಗ ನಾನೇ ಅದನ್ನು ಬಚ್ಚಲ ಒಲೆಗೆ ಹಾಕಿದೆ.

ಅವ್ವನ ಜೊತೆ ಕೊಡ ಹೊತ್ತು ಬಂದ ಪಕ್ಕದ ಮನೆಯ ಗಂಗಕ್ಕ ಮೊದಲು ನೋಡಿದಳು. "ಅಯ್ಯ, ದೇವರ ಗರಿ ಸುಟ್ಟು ಮೈ ತೊಳಕೊಂತಿಯೇನ? ಭಾರಿ ಭಕ್ತಿ ಬಿಡವಾ ನಿಂದು!"

ಅವ್ವ ಕೊಡ ಇಳಿಸದೆ ಹಾಗೇ ನಿಂತಳು.

"ಗೊತ್ತಾಗ್ಲಿಲ್ಲಬೇ ಯವ್ವಾ" ಎಂದು ನಾನು ಸುಳ್ಳು ಹೇಳಿ ಅತ್ತುಬಿಟ್ಟೆ.

ಅವ್ವ ಬೈಯಲಿಲ್ಲ. ಸಗಣಿ ಕುಳ್ಳಿನ ಬೂದಿಯಲ್ಲಿ ಸೇರಿಹೋದ ಗರಿಯ ಬೂದಿಯನ್ನೇ ಹೆಬ್ಬೆರಳಿಗೆ ಹಚ್ಚಿಕೊಂಡು ನನ್ನ ಹಣೆಯ ಮೇಲೆ ಶಿಲುಬೆ ಎಳೆದಳು. "ಅಳಬ್ಯಾಡ ನನ್ನವ್ವ. ಒಲಿ ಬೂದ್ಯಾಗೂ ದೇವರು ಅದಾನ. ನಿಮ್ಮಪ್ಪನೂ ಅದಾನ."

ಆ ಬೆರಳು ಬೆಚ್ಚಗಿತ್ತು. ದೇವರು ಅಂದರೆ ನನಗೆ ಇವತ್ತಿಗೂ ಆ ಬೆರಳೇ ನೆನಪಾಗುತ್ತದೆ.

ಮರುದಿನ ಕಸ ಹೊಡೆಯುವಾಗ ಅವ್ವ ಗರಿ ಸಿಕ್ಕಿಸಿದ್ದ ಖಾಲಿ ಮೊಳೆಯನ್ನು ಮುಟ್ಟಿ ಅತ್ತಳು. ಬೇಕೆಂದೇ ಸುಟ್ಟೆ ಎಂದು ಹೇಳುವ ಧೈರ್ಯ ನನಗೆ ಬರಲೇ ಇಲ್ಲ. ಈಗ ಅವ್ವನೂ ಇಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.