ಅಜ್ಜಿಯ ಚೊಂಬಿನ ಸವಾರಿ

ಮನುಷ್ಯನ ಘನತೆ, ಸ್ವಾತಂತ್ರ್ಯ ಎರಡೂ ಅವನ ಆತ್ಮದಲ್ಲಿವೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅವೆರಡೂ ಬಯಲಕಡೆಗೆ ಒಯ್ಯುವ ಒಂದು ಹಿತ್ತಾಳೆ ಚೊಂಬಿನಲ್ಲಿದ್ದವು.

ನಮ್ಮೂರು ಕಾಮಸಮುದ್ರದ ಕಡೆಯದು. ನನ್ನ ಅಜ್ಜಿಗೆ ಉಬ್ಬಸ, ಜೊತೆಗೆ ಊದಿದ ಮಂಡಿ. ನಾವು ಬಡವರಾಗಿದ್ದಷ್ಟು ಕಾಲ ಈ ಕಾಯಿಲೆಗಳಿಗೆ ಯಾರೂ ಮರ್ಯಾದೆ ಕೊಟ್ಟವರಲ್ಲ. ಬೆಳಗಾದರೆ ಅಜ್ಜಿ ಚೊಂಬು ಹಿಡಿದು, ದಾರಿಯ ಕಲ್ಲುಗಳ ಮೇಲೆ ಕೂತು ಸುಧಾರಿಸಿಕೊಂಡು, ಕೆರೆಯ ಹಿಂದಿನ ಪೊದೆಗೆ ತಾನೇ ಹೋಗಿಬರುತ್ತಿದ್ದಳು.

ಆಮೇಲೆ ಅಪ್ಪನಿಗೆ ಉರಿಗಾಂ ಚಿನ್ನದ ಗಣಿಯ ದೊರೆಗಳ ಬಂಗಲೆಗಳ ಕುದುರೆಗಳಿಗೆ ಹುಲ್ಲು ಒದಗಿಸುವ ಕಂಟ್ರಾಕ್ಟು ಸಿಕ್ಕಿತು. ಮನೆಗೆ ಹೆಂಚು ಬಂತು. ಅಜ್ಜಿಯ ಕಾಯಿಲೆಗೂ ಅಂತಸ್ತು ಬಂತು.

"ಕಂಟ್ರಾಕ್ಟರ ತಾಯಿ ಚೊಂಬ್ ಇಡ್ಕಂಡು ನಡ್ಕಂಡೋದ್ರೆ ಜನ ಏನಂತಾರಮ್ಮ?" ಎಂದ ಅಪ್ಪ.

"ಬಯಲ್ಕಡೆ ಓಗ್ತಾವ್ಳೆ ಅಂತಾರೆ. ಇನ್ನೇನಂತಾರ್ಲಾ?"

ಅವಳ ಮಾತು ನಡೆಯಲಿಲ್ಲ. ಕಮಾನು ಗಾಡಿ ಬಂತು. ಚೊಂಬು ಹಿಡಿಯಲು, ಊರಲ್ಲಿ ಬೆರಣಿ ತಟ್ಟಿ ಬದುಕುತ್ತಿದ್ದ ಒಬ್ಬ ವಿಧವೆಯನ್ನು ನೇಮಿಸಲಾಯಿತು. ಅಜ್ಜಿಯದೇ ವಯಸ್ಸು, ಅಂಥದೇ ಮಂಡಿ, ಅಂಥದೇ ಉಬ್ಬಸ. ಆಕೆಯ ಕಾಯಿಲೆಗೆ ಹೆಂಚಿನ ಮನೆಯೊಂದು ಇರಲಿಲ್ಲ, ಅಷ್ಟೆ. ಗಾಡಿ ಹೊರಟರೆ ಊರವರು ಎದ್ದು ನಿಂತು, "ಎತ್ಲಾಗೆ ಸವಾರಿ, ಅಮ್ಮಾವ್ರೆ?" ಎಂದು ಭಕ್ತಿಯಿಂದ ವಿಚಾರಿಸುತ್ತಿದ್ದರು. ಪೊದೆಯ ಈಚೆ ಪರಿವಾರ ಕಾದು ನಿಲ್ಲುತ್ತಿತ್ತು. ಪರಿಣಾಮವಾಗಿ ಅಜ್ಜಿಗೆ ಮಲಬದ್ಧತೆ ಹಿಡಿಯಿತು.

"ಇಷ್ಟ್ ಜನ ಕಾಯ್ಕಂಡ್ ನಿಂತ್ರೆ ಆಯ್ತದೇನೇ?" ಎಂದು ವಿಧವೆಯ ಹತ್ತಿರ ಗೋಳಾಡಿಕೊಂಡಳು.

"ನಿಂಗ್ ಕೂತು ಸಾಕಾಯ್ತು, ನಂಗ್ ಗಾಡಿ ಇಂದೆ ಓಡಿ ಸಾಕಾಯ್ತು ಕಣಕ್ಕ."

ಮರುದಿನದಿಂದ ವಿಧವೆ ಅಜ್ಜಿಯ ಸೀರೆಯುಟ್ಟು, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಗಾಡಿಯಲ್ಲಿ ಕೂತಳು. ಗಾಡಿ ಕೆರೆ ಸುತ್ತಿ ನಮಸ್ಕಾರಗಳನ್ನು ಸ್ವೀಕರಿಸಿ ಬರುವಷ್ಟರಲ್ಲಿ ಅಜ್ಜಿ ಹಿತ್ತಲ ಬಾಗಿಲಿಂದ ನಡೆದುಹೋಗಿ ಬಂದಿರುತ್ತಿದ್ದಳು. ಮಲಬದ್ಧತೆ ಮಾಯವಾಯಿತು. ಅಪ್ಪ ಅದನ್ನು ಗಾಡಿಯ ಮಹಿಮೆಯೆಂದುಕೊಂಡ.

ಹೀಗಿರಲು ಒಂದು ಬೆಳಗ್ಗೆ, ಹುಲ್ಲಿನ ಬಿಲ್ಲು ಪಾಸು ಮಾಡುವ ಉರಿಗಾಂ ಗುಮಾಸ್ತರನ್ನು ಅಪ್ಪ ಊರಿಗೆ ಕರೆತಂದ. ಕೆರೆಯ ಹತ್ತಿರ ಗಾಡಿ ಎದುರಾಯಿತು.

"ನಮ್ ತಾಯಿ, ಸ್ವಾಮಿ."

ಗುಮಾಸ್ತರು ಕೈಮುಗಿದರು. ಸೆರಗಿನ ಮರೆಯಿಂದ ಒಂದು ಕೈ ಮೇಲೆದ್ದಿತು. "ನೂರ್ ವರ್ಸ ಬಾಳಪ್ಪ!"

ದನಿ ತಾಯಿಯದಲ್ಲವೆಂದು ಅಪ್ಪನಿಗೆ ಹೊಳೆಯುವಷ್ಟರಲ್ಲೇ ಪೊದೆಯ ಹಿಂದಿನಿಂದ ಅಜ್ಜಿ ಖಾಲಿ ಚೊಂಬಿನೊಡನೆ ಪ್ರಸನ್ನವದನಳಾಗಿ ಹೊರಬಂದಳು.

"ಈಯಮ್ಮ ಯಾರು?" ಎಂದರು ಗುಮಾಸ್ತರು.

"ಕೆಲ್ಸದೋಳು, ಸ್ವಾಮಿ," ಎಂದುಬಿಟ್ಟ ಅಪ್ಪ.

"ಊಂ ಕಣಪ್ಪ, ಕೆಲ್ಸದೋಳೇ," ಎಂದಳು ಅಜ್ಜಿ. "ಬಂದ್ ಕೆಲ್ಸ ಮುಗೀತು, ಓಗ್ತೀನಿ."

ಗುಮಾಸ್ತರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಕಂಟ್ರಾಕ್ಟಿನ ಮಾನ ಹೋಗುತ್ತಿತ್ತು. ಆದ್ದರಿಂದ ಅಪ್ಪನ ಅಪ್ಪಣೆಯಂತೆ ಅದೇ ಏರ್ಪಾಟು ಕಾಯಂ ಆಯಿತು. ವಿಧವೆ ದಿನವೂ ಗಾಡಿ ಹತ್ತಿದಳು. ಅಜ್ಜಿ ದಿನವೂ ನಡೆದಳು.

ಮಳೆಗಾಲ ಮುಗಿಯುವ ಹೊತ್ತಿಗೆ, ಕೂತು ಕೂತು ಮಂಡಿ ಹಿಡಿದುಕೊಂಡ ವಿಧವೆಯನ್ನು ಗಾಡಿಯಿಂದ ಇಳಿಸಲು ಇಬ್ಬರು ಬೇಕಾದರು. ಅಜ್ಜಿ ತಾನೇ ಹೋಗಿಬರುತ್ತಿದ್ದಳು.