ವ್ಯಾನಿನ ಹಿಂದೇನೇ ಹೋಗಿ

ಜೂನ್ ಹದಿನಾಲ್ಕು, ಶನಿವಾರ. ಬೆಳಿಗ್ಗೆ ಆರಕ್ಕೆ ತುಮಕೂರು ಬಿಡುವುದು ಎಂದು ಹಿಂದಿನ ದಿನವೇ ನನ್ನ ಪ್ರವಾಸದ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಬಿಟ್ಟಿದ್ದು ಎಂಟು ದಾಟಿದ ಮೇಲೆ. ಕಾಡಿನ ರಸ್ತೆಯನ್ನು ಮಧ್ಯಾಹ್ನದ ಬಿಸಿಲಲ್ಲೇ ದಾಟಬೇಕೆಂದು ನಾನು ಲೆಕ್ಕ ಹಾಕಿದ್ದೆ. ಆ ಲೆಕ್ಕ ಅಲ್ಲಿಗೇ ತಪ್ಪಿತು.

ತುಮಕೂರಿನ ಪಕ್ಕದ ಸತ್ಯಮಂಗಲದ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಎರಡು ವರ್ಷ ಕೂತಿದ್ದ ಗೆಳತಿ ಕೆಲಸ ಬಿಟ್ಟು ಅವಳ ಊರು ಸುಲ್ತಾನ್ ಬತ್ತೇರಿಗೆ ಹೋಗಿದ್ದಳು. ಅದು ಬಂಡೀಪುರದ ಕಾಡು ದಾಟಿದರೆ ಸಿಗುವ, ಕೇರಳದ ವಯನಾಡಿನ ಊರು. ಎಲ್ಲರನ್ನೂ ಕರೆದುಕೊಂಡು ಬಾ, ಮನೆಯಲ್ಲೇ ಉಳಿದುಕೊಳ್ಳಿ ಎಂದು ಕರೆಯುತ್ತಲೇ ಇದ್ದಳು. ಲಾಡ್ಜಿನ ಖರ್ಚಿಲ್ಲ. ಸ್ಟೋವು, ಅಕ್ಕಿ, ಚಿತ್ರಾನ್ನದ ಗೊಜ್ಜು ನಾವೇ ಒಯ್ದರೆ ಹೋಟೆಲಿನ ಖರ್ಚೂ ಇಲ್ಲ. ಗುಬ್ಬಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ದೊಡ್ಡಪ್ಪನ ಹಳೆ ವ್ಯಾನು ಇತ್ತು. ಐದು ಜನ, ಮೂರು ದಿನ, ಪೆಟ್ರೋಲು ಹಂಚಿಕೊಳ್ಳುವುದು. ನಾನು, ದೊಡ್ಡಪ್ಪ, ದೊಡ್ಡಮ್ಮ, ಕುಣಿಗಲ್‌ನಲ್ಲಿರುವ ನನ್ನ ಅಣ್ಣ, ಅವನ ಹೆಂಡತಿ. ಅವರಿಬ್ಬರಿಗೆ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು, ಎಲ್ಲಿಗೂ ಹೋಗಿರಲಿಲ್ಲ.

ಗುಬ್ಬಿಯಿಂದ ಬಂದ ವ್ಯಾನಿನ ಹಿಂಬಾಗಿಲು ಹಗ್ಗದಲ್ಲಿ ಕಟ್ಟಿತ್ತು. ಒಳಗೆ ಇಣುಕಿದರೆ ಆರು ಹಲಸಿನ ಹಣ್ಣು, ಒಂದೊಂದೂ ತಬ್ಬಿ ಎತ್ತಬೇಕಾದಷ್ಟು ದೊಡ್ಡವು. ಅಂಗಡಿಯ ಮೂಟೆ ಹಾಕಲೆಂದು ದೊಡ್ಡಪ್ಪ ಹಿಂದಿನ ಸೀಟನ್ನು ಎಂದೋ ಕಿತ್ತಿದ್ದರು. ಅಲ್ಲಿ ಚಾಪೆ ಹಾಸಿ ನಾವು ಮೂವರು ಕೂರುವುದೆಂದು ಮಾತಾಗಿತ್ತು. ಈಗ ಚಾಪೆಯ ಮೇಲೆ ಹಣ್ಣು ಕೂತಿದ್ದವು.

ವಯನಾಡಿನಲ್ಲಿ ಹಾದಿಬೀದಿಯಲ್ಲೆಲ್ಲ ಹಲಸಿನ ಮರವೇ ಎಂದು ದೊಡ್ಡಮ್ಮನಿಗೆ ಹೇಳಿದೆ.

"ಇರ್ಲಿ ಕಣೇ, ಅದು ಅವ್ರ ಹಣ್ಣು. ಇದು ನಮ್ಮ ಕೆಂಪು ತೊಳೆ ಹಣ್ಣು. ಮೂರು ದಿನ ಇನ್ನೊಬ್ರ ಮನೇಲಿ ಉಂಡು ಮಲಗಕ್ಕೆ ಬರಿಗೈ ಬೀಸ್ಕೊಂಡು ಹೋಯ್ತಾರಾ? ನಿಂಗೆ ನಾಚ್ಕೆ ಆಗ್ದಿದ್ರೂ ನಂಗಾಯ್ತದೆ."

ದೊಡ್ಡಪ್ಪ ಸ್ಟಿಯರಿಂಗ್ ಹಿಡಿದು ರಸ್ತೆ ನೋಡುತ್ತಿದ್ದರು. ಬೆಳಿಗ್ಗೆಯೆಲ್ಲ ಅವರು ಈ ವಾದದಲ್ಲಿ ಸೋತು ಬಂದಿದ್ದಾರೆಂದು ತಿಳಿಯಿತು. ಕುಣಿಗಲ್ ತಲುಪಿದಾಗ ಅಣ್ಣ ವ್ಯಾನಿನೊಳಗೆ ಬಗ್ಗಿ ನೋಡಿ ನಕ್ಕುಬಿಟ್ಟ. ಹಣ್ಣುಗಳ ನಡುವೆ ಒಬ್ಬರಿಗೆ ಮಾತ್ರ ಜಾಗವಿತ್ತು. ಬೈಕ್ ತೆಗೀತೀನಿ ಬುಡಿ, ನಾವಿಬ್ರೂ ಅದ್ರಲ್ಲೇ ಬರ್ತೀವಿ ಎಂದ. ಅತ್ತಿಗೆಗೂ ಅದೇ ಬೇಕಾಗಿತ್ತೇನೋ, ಒಳಗೆ ಓಡಿಹೋಗಿ ಜಾಕೆಟ್ ಹಾಕಿಕೊಂಡು ಬಂದಳು. ಹೀಗೆ ನಮ್ಮ ಹಿಂದೆ ಒಂದು ಬೈಕು ಬರುವಂತಾಯಿತು.

ಹುಲಿಯೂರುದುರ್ಗ, ಮದ್ದೂರು, ಮೈಸೂರು. ನಾನು ಹಣ್ಣಿಗೆ ಬೆನ್ನು ಕೊಟ್ಟು, ಹಿಂದಿನ ಗಾಜಿಗೆ ಮುಖ ಮಾಡಿ ಕೂತಿದ್ದೆ. ಬೈಕು ಕಾಣುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಮೈಸೂರಿನಲ್ಲಿ ಮಳೆ ಹನಿಯಿತು. ಕಿಟಕಿ ಏರಿಸಿದ ಮೇಲೆ ವಾಸನೆ ಗೊತ್ತಾಗತೊಡಗಿತು. ಮೊದಲು ಸಿಹಿಯಾಗಿತ್ತು. ಗುಂಡ್ಲುಪೇಟೆ ಬರುವಷ್ಟರಲ್ಲಿ ನನ್ನ ತಲೆ ಹಿಡಿದುಕೊಂಡಿತ್ತು.

ಊರಾಚೆ ಚೆಂಡುಹೂವಿನ ಹೊಲದ ಪಕ್ಕ, ಹೊಂಗೆ ಮರದಡಿ ಸ್ಟೋವು ಹಚ್ಚಿದೆವು. ಉಣ್ಣುವಾಗ ಮಧ್ಯಾಹ್ನ ಮೂರೂವರೆ. ಒಂದು ಹಣ್ಣು ಕೈಯಿಟ್ಟರೆ ಒಳಕ್ಕೆ ಹೋಗುವಷ್ಟು ಮೆತ್ತಗಾಗಿತ್ತು. ದೊಡ್ಡಮ್ಮ ಚಾಕುವಿಗೆ ಕೊಬ್ಬರಿ ಎಣ್ಣೆ ಸವರಿ ಅದನ್ನು ಹೆಚ್ಚಿದರು. ಅಣ್ಣ ತಿಂದಷ್ಟು ಯಾರೂ ತಿನ್ನಲಿಲ್ಲ. ಆದರೂ ಅರ್ಧ ಉಳಿಯಿತು. ಅದನ್ನು ಪೇಪರಿನಲ್ಲಿ ಸುತ್ತಿ ಹಿಂಬಾಗಿಲ ಬುಡದಲ್ಲಿ, ನನ್ನ ಕಾಲ ಹತ್ತಿರ ಇಟ್ಟರು. ದೊಡ್ಡಪ್ಪ ಆಚೆ ಟೀ ಅಂಗಡಿಯಲ್ಲಿ ಬಹಳ ಹೊತ್ತು ಮಾತಾಡುತ್ತಾ ನಿಂತಿದ್ದರು.

ಕಾಡಿನ ಗೇಟು ತಲುಪಿದಾಗ ಐದೂವರೆ. ರಾತ್ರಿ ಒಂಬತ್ತರ ಮೇಲೆ ಅಲ್ಲಿ ಗಾಡಿ ಬಿಡುವುದಿಲ್ಲ, ನಮಗೆ ಬೇಕಾದಷ್ಟು ಸಮಯವಿತ್ತು. ಆದರೆ ಮೋಡ ಕವಿದು ಎಲ್ಲ ಗಾಡಿಗಳೂ ಆಗಲೇ ದೀಪ ಹಾಕಿಕೊಂಡಿದ್ದವು. ರೇನ್‌ಕೋಟು ಹಾಕಿದ ಗಾರ್ಡ್ ಕಿಟಕಿಗೆ ಬಗ್ಗಿ, ಒಳಗೆ ಹಲಸು, ಬಾಳೆ, ಕಬ್ಬು ಏನಾದರೂ ಇದೆಯೇ ಎಂದು ಕೇಳಿದ. ದೊಡ್ಡಮ್ಮ ಗುಂಡ್ಲುಪೇಟೆಯಲ್ಲೇ ಹಣ್ಣಿನ ಮೇಲೆ ಜಮಖಾನ ಹೊದಿಸಿದ್ದರು.

"ಏನಿಲ್ಲಪ್ಪ. ಬಟ್ಟೆಬರೆ, ಪಾತ್ರೆ" ಎಂದರು ಅವರೇ.

ಹಿಂದೆ ಲಾರಿಯೊಂದು ಹೊಗೆ ಉಗುಳುತ್ತಾ ಹಾರನ್ ಹೊಡೆಯುತ್ತಿತ್ತು. ಗಾರ್ಡ್ ತಲೆ ಎತ್ತಿ ಬೈಕಿನ ಕಡೆ ನೋಡಿದ.

"ಬೈಕ್ ನಿಮ್ಮೋರ್ದೇನಾ? ಒಬ್ಬೊಬ್ರೇ ಹೋಗ್ಬೇಡಿ. ವ್ಯಾನಿನ ಹಿಂದೇನೇ ಹೋಗಿ, ದೂರ ಬಿಡ್ಬೇಡಿ. ಈ ಹೊತ್ನಲ್ಲಿ ಆನೆ ರೋಡಿಗೆ ಬರ್ತವೆ. ಎಲ್ಲೂ ನಿಲ್ಲಿಸ್ಬೇಡಿ."

ಅಣ್ಣ ಹೆಬ್ಬೆರಳು ಎತ್ತಿದ. ಗೇಟು ದಾಟಿದೆವು.

ರಸ್ತೆಯ ಎರಡೂ ಕಡೆ ಲಂಟಾನದ ಪೊದೆ, ಅದರಾಚೆ ಒದ್ದೆಯಾಗಿ ಕಪ್ಪಾದ ಮರಗಳು. ಜಿಂಕೆ ಕಂಡಾಗಲೆಲ್ಲ ಪುಸ್ತಕದಲ್ಲಿ ಒಂದೊಂದು ಗೀಟು ಹಾಕುತ್ತಿದ್ದೆ. ಇನ್ನೂ ಹತ್ತು ಗೀಟೂ ಆಗಿರಲಿಲ್ಲ, ದೊಡ್ಡಪ್ಪ ಯಾರಿಗೂ ಹೇಳದವರಂತೆ ಹೇಳಿದರು: ಟೀ ಅಂಗಡಿಯವನು ಹೇಳುತ್ತಿದ್ದ, ಹೋದ ವರ್ಷ ಹಲಸು ತುಂಬಿದ್ದ ಗೂಡ್ಸ್ ಆಟೋವನ್ನು ಆನೆ ಮಗುಚಿ ಹಾಕಿತಂತೆ. ಗಾಳಿ ಈ ಕಡೆಯಿಂದ ಬೀಸಿದರೆ ಕಾಡಿನ ಒಳಗೆಲ್ಲೋ ಇರುವುದಕ್ಕೂ ವಾಸನೆ ಹೋಗುತ್ತದಂತೆ.

ಇದನ್ನು ಗೇಟಿನ ಆಚೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಮ್ಮ ದೊಡ್ಡಮ್ಮನ ಮುಂದೆ ಹೇಳಿ ಗೆದ್ದೋರು ಯಾರವ್ರೆ?"

ದೊಡ್ಡಮ್ಮ ಈ ಸಲ ವಾದಕ್ಕೆ ಇಳಿಯದೆ ತಮ್ಮ ಕಿಟಕಿಯ ಗಾಜು ಏರಿಸಿದರು. ಅದರಿಂದಲೇ ನನಗೆ ಭಯವಾಯಿತು.

ಹಗ್ಗ ಕಟ್ಟಿದ ಬಾಗಿಲ ಸಂದಿಯಿಂದ ಗಾಳಿ ಆಡುತ್ತಿತ್ತು. ಹೆಚ್ಚಿದ ಹಣ್ಣಿನ ವಾಸನೆಯೆಲ್ಲ ಆ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಅದು ಹೋಗುತ್ತಿದ್ದ ಕಡೆ, ನಾಲ್ಕು ಮಾರಿನ ಅಂತರದಲ್ಲಿ, ನನ್ನ ಅಣ್ಣ ಮತ್ತು ಅತ್ತಿಗೆ ಬರುತ್ತಿದ್ದರು. ಗಾರ್ಡ್ ಹೇಳಿದ ಮಾತನ್ನು ಅಣ್ಣ ಅಷ್ಟು ಚೆನ್ನಾಗಿ ಪಾಲಿಸುತ್ತಿದ್ದ. ನಮಗಾದರೆ ತಗಡಿನ ಗೋಡೆಯಾದರೂ ಇತ್ತು.

ಫೋನ್ ಹಚ್ಚಿದೆ, ಸಿಗ್ನಲ್ ಇರಲಿಲ್ಲ. ಗಾಜಿಗೆ ಅಂಗೈ ಒತ್ತಿ, ಹಿಂದೆ ಇರಿ, ದೂರ ಇರಿ ಎಂದು ಕೈ ತಳ್ಳಿ ತೋರಿಸಿದೆ. ಅತ್ತಿಗೆ ಅಣ್ಣನ ಹೆಗಲ ಮೇಲಿಂದ ಕತ್ತು ಚಾಚಿ ನೋಡಿ, ನಗುತ್ತಾ ಕೈ ಬೀಸಿದಳು. ನಾನು ಇನ್ನೂ ಜೋರಾಗಿ ಬೀಸಿದೆ. ಅವಳು ಅಣ್ಣನ ಬೆನ್ನು ತಟ್ಟಿ ಏನೋ ಹೇಳಿದಳು. ಬೈಕು ಇನ್ನಷ್ಟು ಹತ್ತಿರ ಬಂತು. ಅವಳು ಫೋನ್ ತೆಗೆದು ನನ್ನ ಫೋಟೊ ಹಿಡಿದಳು.

ಜೋರಾಗಿ ಓಡಿಸಿದರೆ ಅವರೂ ಜೋರಾಗಿ ಬರುತ್ತಿದ್ದರು. ಹಣ್ಣನ್ನು ಹೊರಗೆ ಎಸೆಯೋಣವೆಂದರೆ ಅದು ಬೀಳುವುದು ಅವರ ಮುಂದೆಯೇ. ದೊಡ್ಡಪ್ಪ ಎರಡನ್ನೂ ಮಾಡದೆ, ನಲವತ್ತರಲ್ಲಿ ಓಡಿಸುತ್ತಾ ಎಡಬಲ ನೋಡುತ್ತಿದ್ದರು. ಎದುರಿನಿಂದ ಬರುವ ಗಾಡಿಗಳೂ ಕಡಿಮೆಯಾಗಿದ್ದವು.

ಎಡಗಡೆ ಪೊದೆಯ ಹಿಂದೆ ಅದು ನಿಂತಿದ್ದನ್ನು ಮೊದಲು ನೋಡಿದ್ದು ದೊಡ್ಡಮ್ಮ. ಅವರು ಕೂಗಲಿಲ್ಲ, ದೊಡ್ಡಪ್ಪನ ತೋಳು ಹಿಡಿದರು. ಒಂಟಿ ಸಲಗ. ಮಣ್ಣು ಮೆತ್ತಿದ ಮೈ ಪೊದೆಯ ಬಣ್ಣವೇ ಆಗಿತ್ತು. ಸೊಂಡಿಲು ಮಾತ್ರ ಮೇಲಕ್ಕೆ ಎದ್ದು, ತುದಿ ನಮ್ಮ ಕಡೆ ತಿರುಗಿತ್ತು. ನಾವು ದಾಟಿದೆವು. ಅದು ಎರಡೇ ಹೆಜ್ಜೆಗೆ ರಸ್ತೆಗೆ ಬಂದು, ನಮಗೂ ಬೈಕಿಗೂ ನಡುವೆ ನಿಂತಿತು.

ಬ್ರೇಕಿನ ಸದ್ದು ಕೇಳಿತು. ಆನೆಯ ಕಾಲುಗಳ ಸಂದಿಯಿಂದ ಬೈಕಿನ ದೀಪ ಅಡ್ಡ ಮಲಗಿದ್ದು ಕಂಡಿತು. ಅತ್ತಿಗೆಯ ಕೆಂಪು ದುಪಟ್ಟಾ ಟಾರಿನ ಮೇಲಿತ್ತು. ಅವಳು ಎದ್ದಳೋ ಇಲ್ಲವೋ ಕಾಣಲಿಲ್ಲ. ವ್ಯಾನು ನಿಂತಿತು.

ಆನೆಗೆ ಹಿಂದೆ ಬಿದ್ದವರ ಕಡೆ ಗಮನವಿರಲಿಲ್ಲ. ಅದು ನನ್ನ ಕಾಲ ಹತ್ತಿರದ ಪೇಪರಿನ ಕಟ್ಟನ್ನು ನೋಡುತ್ತಿತ್ತು. ಕಿವಿ ಬೀಸುತ್ತಾ ನಮ್ಮ ಕಡೆ ಬರತೊಡಗಿತು.

"ಎಸಿಯೇ ಅದ್ನ ಆಚೆಗೆ, ಎಸಿಯೇ" ಎಂದರು ದೊಡ್ಡಮ್ಮ.

"ಇಲ್ಲಿ ಬೇಡ. ಇಲ್ಲೇ ಬಿದ್ರೆ ಇಲ್ಲೇ ನಿಲ್ತದೆ. ದೊಡ್ಡಪ್ಪ, ನಿಧಾನಕ್ಕೆ ಮುಂದಕ್ಕೆ ಹೋಗಿ. ಅದು ನಮ್ಮ ಹಿಂದೆ ಬರ್ಲಿ."

ದೊಡ್ಡಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಆಮೇಲೆ ಗೇರ್ ಹಾಕಿದರು. ವ್ಯಾನು ನಡೆಯುವವರ ವೇಗದಲ್ಲಿ ಚಲಿಸಿತು, ಆನೆಯೂ ನಡೆಯಿತು. ನಾನು ಹಗ್ಗ ಬಿಚ್ಚಿ ಬಾಗಿಲನ್ನು ಒಂದು ಗೇಣು ಎತ್ತಿ, ತೊಳೆ ಕಿತ್ತು ಕಿತ್ತು ರಸ್ತೆಯ ಮೇಲೆ ಬೀಳಿಸಿದೆ. ಅದು ಒಂದೊಂದನ್ನೂ ಎತ್ತಿಕೊಂಡು, ಮತ್ತೆ ಸೊಂಡಿಲು ಚಾಚುತ್ತಾ ಬಂತು. ಅದರ ಉಸಿರಿನ ಸದ್ದು ಇಂಜಿನ್ನಿನ ಸದ್ದಿಗಿಂತ ಹತ್ತಿರವಿತ್ತು. ತೊಳೆ ಮುಗಿಯುವಷ್ಟರಲ್ಲಿ ದೊಡ್ಡಮ್ಮ ಮುಂದಿನ ಸೀಟಿನಿಂದ ದಾಟಿ ಹಿಂದಕ್ಕೆ ಬಂದುಬಿಟ್ಟಿದ್ದರು. ಜಮಖಾನ ಕಿತ್ತು ಹಾಕಿ ಇಡೀ ಹಣ್ಣನ್ನೇ ಎದೆಗೆ ಅವುಚಿಕೊಂಡು ಬಾಗಿಲ ತನಕ ತಂದರು. ತಿರುವು ದಾಟುವವರೆಗೂ ತಡೆಯಿರಿ ಎಂದೆ. ತಿರುವು ದಾಟಿತು. ಬೈಕಿನ ದೀಪ ಮರೆಯಾಯಿತು. ಬಾಗಿಲನ್ನು ಪೂರ್ತಿ ಎತ್ತಿ, ಇಬ್ಬರೂ ಸೇರಿ ಐದು ಹಣ್ಣನ್ನೂ ಒಂದಾದ ಮೇಲೊಂದು ರಸ್ತೆ ಬದಿಯ ಇಳಿಜಾರಿಗೆ ಉರುಳಿಸಿದೆವು. ಆನೆ ರಸ್ತೆ ಬಿಟ್ಟು ಇಳಿಯಿತು. ಮೊದಲ ಹಣ್ಣನ್ನು ಅದು ಕಾಲಿನಿಂದ ಒತ್ತಿ ಒಡೆದ ಸದ್ದು ಚೆನ್ನಾಗಿ ಕೇಳಿತು.

ರಾಜ್ಯದ ಗಡಿಯಲ್ಲಿರುವ ಮೂಲೆಹೊಳೆಯ ಚೆಕ್‌ಪೋಸ್ಟಿನ ತನಕ ದೊಡ್ಡಪ್ಪ ಎಲ್ಲೂ ನಿಲ್ಲಿಸಲಿಲ್ಲ.

ಅಲ್ಲಿದ್ದ ವಯಸ್ಸಾದ ಗಾರ್ಡಿಗೆ ಎಲ್ಲವನ್ನೂ ಹೇಳಿದೆವು, ಗೇಟಿನಲ್ಲಿ ಸುಳ್ಳು ಹೇಳಿದ್ದನ್ನೂ. ಅವರು ಬೈಯುತ್ತಾರೆಂದು ಕಾದೆ. ಜೀಪು ಕಳಿಸಿ, ಬಂದು, ಎಷ್ಟು ಹಣ್ಣು ಎಂದು ಮಾತ್ರ ಕೇಳಿದರು. ಹೇಳಿದೆ.

"ನಾಳೆನೂ ಅಲ್ಲೇ ನಿಂತಿರ್ತದೆ ಅದು. ನಾಳಿದ್ದೂ ನಿಂತಿರ್ತದೆ."

ದೊಡ್ಡಮ್ಮ ಚೆಕ್‌ಪೋಸ್ಟಿನ ಕಟ್ಟೆಯ ಮೇಲೆ ಕೂತು ಬಂದ ರಸ್ತೆಯನ್ನೇ ನೋಡುತ್ತಿದ್ದರು. ದೀಪ ಕಂಡಾಗಲೆಲ್ಲ ಏಳುತ್ತಿದ್ದರು. ಒಂದು ಬಸ್ಸು, ಒಂದು ಕಾರು, ಕೋಳಿ ಸಾಗಿಸುವ ಒಂದು ಲಾರಿ. ಕತ್ತಲಾದ ಮೇಲೆ ಜೀಪಿನ ಹಿಂದೆ ಒಂಟಿ ದೀಪ ಬಂತು. ಅಣ್ಣ ಬೈಕನ್ನು ತಿರುಗಿಸಿ ಹಿಂದಕ್ಕೆ ಹೋಗುತ್ತಿದ್ದಾಗ ಎದುರಾದ ಬಸ್ಸಿನವರು ಅವರಿಬ್ಬರನ್ನು ಒಳಗೆ ಹತ್ತಿಸಿಕೊಂಡು, ಜೀಪು ಬರುವವರೆಗೆ ಅಲ್ಲೇ ನಿಂತಿದ್ದರಂತೆ. ಅತ್ತಿಗೆಯ ಮೊಣಕೈ ತರಚಿ ಜಾಕೆಟ್ ಹರಿದಿತ್ತು. ದೊಡ್ಡಮ್ಮ ಅವಳ ಕೈ ಹಿಡಿಯಲು ಹೋದರು. ಅವಳು ಕೊಡಲಿಲ್ಲ, ನನ್ನ ಹತ್ತಿರ ಬಂದಳು.

"ಕೈ ಬೀಸ್ತಿದ್ದೆಯಲ್ಲ ನೀನು. ಬಾ ಬಾ ಅಂತಿದ್ದೀಯ ಅಂದ್ಕೊಂಡೆ."

ಗೆಳತಿಯ ಮನೆಯಂಗಳದಲ್ಲಿ ಹಲಸು ಬಿದ್ದು ಕೊಳೆಯುತ್ತಿದ್ದವು, ಗುಡಿಸಿ ಒಂದು ಮೂಲೆಗೆ ಹಾಕಿದ್ದರು. ದೊಡ್ಡಮ್ಮ ಬರಿಗೈಯಲ್ಲಿ ಮೆಟ್ಟಿಲು ಹತ್ತಿದರು. ಮರುದಿನ ಅಣ್ಣ ಅದರ ಮೇಲೆ ಒಂದು ಮಾತು ಆಡಿ ನಗಿಸಲು ನೋಡಿದ. ಯಾರೂ ನಗಲಿಲ್ಲ. ಗುಹೆ, ಕೆರೆ, ಟೀ ತೋಟ ಎಲ್ಲ ನೋಡಿದೆವು. ನನ್ನ ಪುಸ್ತಕದಲ್ಲಿ ಅವುಗಳ ಹೆಸರು ಮಾತ್ರ ಇದೆ.

ಸೋಮವಾರ ವಾಪಸು ಹೊರಟಾಗ ಬೆಳಿಗ್ಗೆ ಹತ್ತು ಗಂಟೆ, ಒಳ್ಳೆಯ ಬಿಸಿಲು. ವ್ಯಾನಿನಲ್ಲಿ ಈಗ ಜಾಗವಿತ್ತು. ಅತ್ತಿಗೆ ಅದರಲ್ಲಿ ಕೂತಳು. ಸೋಪಿನ ಪುಡಿ ಹಾಕಿ ವ್ಯಾನನ್ನು ಎರಡು ಸಲ ತೊಳೆದಿದ್ದೆವು. ಬೈಕಿನ ಹಿಂದಿನ ಸೀಟಿಗೆ ನಾನು ಬಂದೆ. ಅಣ್ಣ ವ್ಯಾನನ್ನು ಬಹಳ ಮುಂದೆ ಹೋಗಲು ಬಿಟ್ಟ.

ಆ ತಿರುವಿನಲ್ಲಿ ಗಾಡಿಗಳು ಸಾಲು ನಿಂತಿದ್ದವು. ವ್ಯಾನು ದಾಟಿ ಹೋಗಿತ್ತು. ಆನೆ ಹಗಲಲ್ಲೇ ರಸ್ತೆಯ ಅಂಚಿಗೆ ಬಂದು ನಿಂತು, ಒಂದೊಂದೇ ಕಾರಿನ ಕಿಟಕಿಯ ಹತ್ತಿರ ಸೊಂಡಿಲು ತರುತ್ತಿತ್ತು. ಗಾಜು ಮುಚ್ಚಿದ್ದರೆ ಒಂದು ಕ್ಷಣ ಅಲ್ಲೇ ಇಟ್ಟುಕೊಂಡು ಮುಂದಿನ ಗಾಡಿಗೆ ಹೋಗುತ್ತಿತ್ತು. ಯಾರೋ ಬಾಳೆಹಣ್ಣು ಎಸೆದರು. ಕಾರುಗಳ ಒಳಗಿನಿಂದ ಜನ ವಿಡಿಯೋ ಮಾಡುತ್ತಿದ್ದರು. ಅಣ್ಣ ಎಷ್ಟೋ ಹಿಂದೆ ನಿಲ್ಲಿಸಿ ಇಂಜಿನ್ ಆರಿಸಿದ.

ನಮ್ಮ ಪಕ್ಕ ಒಂದು ಸ್ಕೂಟರ್ ಬಂದು ನಿಂತಿತು. ಗಂಡ, ಹೆಂಡತಿ, ಮುಂದೆ ನಿಂತ ಪುಟ್ಟ ಹುಡುಗಿ. ಈ ರಸ್ತೆಯಲ್ಲಿ ದಿನಾ ಓಡಾಡುವವರಂತೆ ಕಂಡರು. ಆತ ಹೆಲ್ಮೆಟ್ ಎತ್ತಿ, ಇದು ಇಲ್ಲಿ ನಿಲ್ಲುತ್ತಿರಲಿಲ್ಲವಲ್ಲ, ನಿನ್ನೆಯಿಂದ ಹೀಗೆ ಶುರು ಮಾಡಿದೆ, ಯಾಕೋ ಏನೋ ಎಂದು ಅಣ್ಣನನ್ನು ಕೇಳಿದ.

ಅಣ್ಣ ಆ ಹುಡುಗಿಯನ್ನು ನೋಡಿದ. ಆಮೇಲೆ ಆನೆಯನ್ನು ನೋಡಿದ.

"ಗೊತ್ತಿಲ್ಲ ಸಾರ್" ಎಂದ.