ಜಡ ಗೇರು

ಐನಾಪುರದ ಲಗಮಣ್ಣ ಮಿಸ್ತ್ರಿಗೆ ಒಂದು ಹಮ್ಮಿತ್ತು, ಇರಬೇಕಾದದ್ದೇ ಅನ್ನಿ. ಮೂವತ್ತೈದು ವರ್ಷದಲ್ಲಿ ಅವನು ರಿಪೇರಿ ಮಾಡಿ ಕಳಿಸಿದ ಒಂದೇ ಒಂದು ಟ್ರ್ಯಾಕ್ಟರೂ ಅದೇ ಕೆಲಸಕ್ಕೆ ತಿರುಗಿ ಅವನ ಅಂಗಳಕ್ಕೆ ಬಂದಿರಲಿಲ್ಲ. ಗಿರಾಕಿ ಅರ್ಧ ಮಾತಾಡಿದರೆ ಸಾಕು, ಉಳಿದರ್ಧ ಅವನೇ ತಿಳಿದುಕೊಳ್ಳುತ್ತಿದ್ದ. ಯಾರನ್ನೂ ಮರುಪ್ರಶ್ನೆ ಕೇಳಿದವನಲ್ಲ. ಕೇಳಿದರೆ ಅವನೆಂಥ ಮಿಸ್ತ್ರಿ?

ಅಂಥವನ ಮುಂದೆ ದ್ರಾಕ್ಷಿ ತೋಟದ ಸಮ್ಮೇದ ತನ್ನ ಹಳೆಯ ಟರ್ಬೊ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದ. ಹಿಂದಿನ ಗಾಲಿಗಳ ನಡುವಿನ ಡಿಫರೆನ್ಶಿಯಲ್‌ನ ಹಲ್ಲು ಮುರಿದಿತ್ತು. ಎರಡು ಜೋಡಿ ಹೊಸ ಗೇರು ತರಿಸಿದ್ದ: ಒಂದು ಮೂರೂವರೆಯದು, ಇನ್ನೊಂದು ನಾಲ್ಕು ಪಾಯಿಂಟ್ ಮೂರರದು. ಅಂದರೆ ಗಾಲಿ ಒಂದು ಸುತ್ತು ತಿರುಗಲು ಒಳಗಿನ ಶಾಫ್ಟು ಅಷ್ಟು ಸುತ್ತು ತಿರುಗಬೇಕು; ಸುತ್ತು ಹೆಚ್ಚಾದಷ್ಟೂ ಎಳೆತ ಹೆಚ್ಚು, ವೇಗ ಕಡಿಮೆ. ಭಾನುವಾರ ಕೊಲ್ಹಾಪುರದ ಕಡೆ ಕಾರುಗಳ ಓಟವಿತ್ತು. "ಟರ್ಬೊ ಐತ್ರಿ, ಜಡ ಗೇರ್ ಹಾಕ್ರಿ" ಎಂದು ಹೇಳಿ ಸಮ್ಮೇದ ಹೋಗಿಬಿಟ್ಟ.

ಜಡ ಅಂದರೆ ಭಾರ. ಕಬ್ಬಿನ ಸೀಮೆಯಲ್ಲಿ ಜಡ ಗೇರೆಂದರೆ ಎರಡು ಟ್ರಾಲಿ ಕಬ್ಬು ಎಳೆಯುವ ಗೇರು. ಅಂದಮೇಲೆ ನಾಲ್ಕು ಪಾಯಿಂಟ್ ಮೂರೇ. ಆದರೂ ಬೋಲ್ಟು ಬಿಚ್ಚಲು ಎತ್ತಿದ ಪಾನಾ ಕೈಯಲ್ಲೇ ನಿಂತಿತು. ಟರ್ಬೊ ಇದ್ದಮೇಲೆ ಕಸುವು ಮೊದಲೇ ಇದೆ, ಮತ್ತೆ ಎಳೆಯುವ ಗೇರು ಯಾಕೆ? ಆದರೆ ಗಿರಾಕಿ ಜಡ ಅಂದಿದ್ದಾನೆ. ಆದರೆ ಇದು ಓಡುವ ಗಾಡಿ. ಲಗಮಣ್ಣನ ತಲೆ ಗಿರ್ರೆಂದಿತು. ಚಹಾ ತಂದ ಹೆಂಡತಿ ಗೌರಾಬಾಯಿ ಕಾರಿನ ಸುತ್ತ ಒಂದು ಸುತ್ತು ಹಾಕಿ, "ಇದರಾಗ ಕಬ್ಬ ಎಲ್ಲಿ ಹೇರತಾರ?" ಎಂದು ಕೇಳಿ ಇದ್ದಬದ್ದ ಧೈರ್ಯವನ್ನೂ ಕೆಡಿಸಿದಳು. ಸಮ್ಮೇದನಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಎರಡು ಸಲ ಫೋನು ತೆಗೆದ, ಎರಡು ಸಲವೂ ಕಿಸೆಗೆ ಹಾಕಿಕೊಂಡ. ಹಾಳು ಹಮ್ಮು!

ಕೊನೆಗೆ ನಾಲ್ಕು ಪಾಯಿಂಟ್ ಮೂರನ್ನೇ ಕೂಡಿಸಿದ.

ಶುಕ್ರವಾರ ಸಮ್ಮೇದ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಗವಾಡದ ರಸ್ತೆ ಹಿಡಿದ. ಕಾರು ಜಿಗಿದದ್ದೇನೋ ನಿಜ. ಆದರೆ ಟರ್ಬೊ ಉಸಿರು ತುಂಬಿಕೊಳ್ಳುವಷ್ಟರಲ್ಲಿ ಎಂಜಿನ್ನು ಕಿರುಚಿಕೊಂಡು ಮುಂದಿನ ಗೇರು ಕೇಳುತ್ತಿತ್ತು. ಐದೂ ಗೇರು ಮುಗಿದವು, ವೇಗ ಮಾತ್ರ ಬರಲಿಲ್ಲ. ಸಮ್ಮೇದ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದ.

ನಾಚಿಕೆಯಿಂದ ಲಗಮಣ್ಣನ ಮೈ ಹಿಡಿಯಷ್ಟಾಯಿತು. ಜನ್ಮದಲ್ಲಿ ಮೊದಲ ಸಲ ಗಿರಾಕಿಯನ್ನು ಕೇಳಿದ: "ಸಾವಕಾರ್ರ, ಜಡ ಅಂದ್ರ ಯಾವುದ್ರಿ? ಭಾರ ಎಳಿಯೂದೋ, ಎಂಜಿನ್ನಿಗೆ ಭಾರ ಆಗಿ ವೇಗ ಕೊಡೂದೋ?"

ಸಮ್ಮೇದ ಸ್ಟೇರಿಂಗ್ ಬಿಟ್ಟು ಅವನ ಕಡೆ ತಿರುಗಿದ. "ಖರೇ ಹೇಳ್ಲಿ ಮಾಮಾ? ನನಗೂ ಗೊತ್ತಿಲ್ಲ. ಯಾರೋ ಅಂದ್ರು, ನಾನೂ ಅಂದೆ. ನೀವು ಏನೂ ಕೇಳ್ಲಿಲ್ಲ, ನಿಮಗ ಗೊತ್ತೈತಿ ಅಂತ ಸುಮ್ಮನಾದೆ."

ಕಾರು ತಿರುಗಿ ಅಂಗಳಕ್ಕೆ ಬಂತು. ಮೂರೂವರೆಯ ಜೋಡಿಯನ್ನು ನಡುವೆ ಇಟ್ಟುಕೊಂಡು, ಇಬ್ಬರೂ ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತ ಕೂತರು. ಬಾಗಿಲಿಗೆ ಬಂದ ಗೌರಾಬಾಯಿ ಕಾರನ್ನು ಕಂಡು ಬಾಯಿ ತೆರೆಯುವ ಮೊದಲೇ ಲಗಮಣ್ಣ ಹೇಳಿಬಿಟ್ಟ.

"ತಿರುಗಿ ಬಂತ. ಒಂದ ಮಾತ ಕೇಳಿದ್ರ ಬರತಿದ್ದಿಲ್ಲ."